ಅಂಕಯ್ಯನ ಎಲೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಹುಂಜವೂ ನನ್ನನ್ನು ಕೇಳದೆ ಬೆಳಗ್ಗೆ ಕೂಗುವುದಿಲ್ಲ. ಒಂದು ಸಲ ನನಗೆ ಜ್ವರ ಬಂದು ಮಲಗಿದ್ದಾಗ ನಾಲ್ಕು ತಾಲ್ಲೂಕಿಗೂ ಮಧ್ಯಾಹ್ನದವರೆಗೆ ಬೆಳಕು ಹರಿಯಲಿಲ್ಲ. ಬಸ್ಸುಗಳು ಬಿಸಿಲೇರುವ ಹೊತ್ತಿಗೆ ಹೆಡ್‌ಲೈಟ್ ಹಾಕಿಕೊಂಡು ಓಡಾಡಿದವು. ನಂಬದವರು ಬಿಳಿಕೆರೆ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಬಹುದು. ಅಲ್ಲಿಯವರೂ ನಂಬುವುದಿಲ್ಲ, ಅದು ಬೇರೆ ವಿಷಯ.

ಇಂಥ ನಾನು, ಗುರುಪುರದ ಪಕ್ಕದ ಹಳ್ಳಿಯ ಸಿದ್ದರಾಜು, ಜೀವಮಾನದಲ್ಲಿ ಬೆಪ್ಪಾದದ್ದು ಒಂದೇ ಸಲ. ಅವತ್ತು ಬೆಳಗ್ಗೆ ಹಾಲಿನ ಡೈರಿಯ ಮುಂದೆ ನಮ್ಮೂರಿನ ಅಂಕಯ್ಯನ ಬಾಯಿಂದ "ಆಗ್ಲಿ" ಎಂಬ ಮಾತು ಹೊರಬಿತ್ತು.

ಆಗ್ಲಿ ಎಂದರೆ ಅದರಲ್ಲೇನು ವಿಶೇಷ ಎನ್ನುತ್ತೀರಿ. ನೀವು ಅಂಕಯ್ಯನನ್ನು ಕಂಡಿಲ್ಲ. ಅರವತ್ತರ ಹತ್ತಿರದ ಮನುಷ್ಯ, ರಾಗಿ ಮತ್ತು ಹೊಗೆಸೊಪ್ಪು ಬೆಳೆಯುವವನು, ಬಾಯಲ್ಲಿ ಸದಾ ಎಲೆಯಡಿಕೆ. ಹುಟ್ಟಿದಾಗ ಎಲ್ಲ ಮಕ್ಕಳೂ ಅತ್ತರೆ ಇವನು "ಬ್ಯಾಡ" ಎಂದನಂತೆ. ಸೂಲಗಿತ್ತಿ ಮೂರ್ಛೆ ಹೋದಳಂತೆ. ಮಿಕ್ಸಿಯಲ್ಲಿ ರುಬ್ಬಿದ ಚಟ್ನಿ ಬ್ಯಾಡ. ಹೆಣ್ಣುಮಕ್ಕಳು ಹುಣಸೂರಿನ ಕಾಲೇಜಿಗೆ ಹೋಗುವುದು ಬ್ಯಾಡ. ಜಾತಿ ಬಿಟ್ಟು ಮದುವೆ ಬ್ಯಾಡ. ಓಟು ಹಾಕುವಾಗ ಅವನ ಅಪ್ಪ ಒತ್ತಿದ ಗುರುತು ಬಿಟ್ಟು ಬೇರೆಯದನ್ನು ನೋಡುವುದೂ ಬ್ಯಾಡ. ಯಾರು ಏನು ಹೇಳಿದರೂ ಅವನದು ಒಂದೇ ಪ್ರಶ್ನೆ: "ನಮ್ಮಪ್ಪನ ಕಾಲ್ದಲ್ಲಿ ಇತ್ತಾ?" ಇರಲಿಲ್ಲ ಎಂದರೆ ನ್ಯಾಯ ಮುಗಿಯಿತು.

ನಮ್ಮೂರಿನ ನ್ಯಾಯದ ಪದ್ಧತಿಯೂ ಅವನಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತಿತ್ತು. ಊರಿಗೆ ಸಂಬಂಧಿಸಿದ ದೊಡ್ಡ ವಿಷಯ ಬಂದಾಗ ಅರಳಿಕಟ್ಟೆಯ ಮೇಲೆ ಮನೆಗೊಬ್ಬ ಗಂಡಸು ಕೂರಬೇಕು. ಹಿತ್ತಾಳೆ ತಟ್ಟೆಯಲ್ಲಿ ಮನೆಗೊಂದರಂತೆ ವೀಳ್ಯದೆಲೆ ಇಟ್ಟು ಮೇಲೆ ಹೊಸ ಟವಲು ಮುಚ್ಚುತ್ತಾರೆ. ತಟ್ಟೆ ಎಲ್ಲರ ಮುಂದೆ ಹಾದುಹೋಗುತ್ತದೆ. ಒಪ್ಪಿಗೆ ಇದ್ದವನು ಟವಲಿನೊಳಗೆ ಕೈಯಿಟ್ಟು ಒಂದು ಎಲೆ ಹಿಡಿದು ಮುಷ್ಟಿ ಮುಚ್ಚಿ ತೆಗೆಯಬೇಕು. ಒಪ್ಪಿಗೆ ಇಲ್ಲದವನು ಖಾಲಿ ಮುಷ್ಟಿ ತೆಗೆಯುತ್ತಾನೆ. ಯಾರ ಮುಷ್ಟಿಯಲ್ಲಿ ಏನಿದೆ ಎಂದು ಯಾರೂ ಕೇಳುವಂತಿಲ್ಲ. ಕೊನೆಗೆ ಟವಲು ಎತ್ತಿದಾಗ ತಟ್ಟೆಯಲ್ಲಿ ಒಂದೇ ಒಂದು ಎಲೆ ಉಳಿದಿದ್ದರೂ ವಿಷಯ ಮುಂದಿನ ಯುಗಾದಿಗೆ ಹೋಯಿತು. ನನಗೆ ತಿಳಿದಂತೆ ಪ್ರತಿ ಸಲವೂ ಒಂದು ಎಲೆ ಉಳಿಯುತ್ತಿತ್ತು. ಅದು ಯಾರದು ಎಂದು ಯಾರೂ ಕೇಳುತ್ತಿರಲಿಲ್ಲ. ಅದಕ್ಕೆ ಊರಿನವರು "ಅಂಕಯ್ಯನ ಎಲೆ" ಎಂದೇ ಹೆಸರಿಟ್ಟಿದ್ದರು.

ಈ ಸಲದ ವಿಷಯ ಸಣ್ಣದಲ್ಲ. ಊರ ಯಜಮಾನ ಚಿಕ್ಕಣ್ಣ ತೀರಿಕೊಂಡಿದ್ದ. ಅವನಿಗೆ ಗಂಡುಮಕ್ಕಳಿಲ್ಲ. ಒಬ್ಬಳೇ ಮಗಳು ಯಶೋಧರಾ, ಡೈರಿ ಕಾರ್ಯದರ್ಶಿ, ಸ್ಕೂಟರಿನಲ್ಲಿ ಓಡಾಡುವವಳು. ಅವಳ ಗಂಡ ಸಾಗರ್ ಮನೆಯಳಿಯನಾಗಿ ಬಂದ ಸಾಧು ಪ್ರಾಣಿ. ಎರಡು ಕೋಳಿ ಜಗಳವಾಡಿದರೆ ಎರಡಕ್ಕೂ ಕೈಮುಗಿದು ಒಳಗೆ ಹೋಗುವವನು. "ಯಜಮಾನಿಕೆ ನನ್ನ ಕೈಲಾಗಲ್ಲ, ಅವಳಿಗೇ ಕೊಡಿ" ಎಂದುಬಿಟ್ಟಿದ್ದ. ಅಪ್ಪ ಹಾಸಿಗೆ ಹಿಡಿದಿದ್ದ ಎರಡು ವರ್ಷ ಊರಿನ ಬದು ಜಗಳ, ಬೋರ್‌ವೆಲ್ ಜಗಳ ಎಲ್ಲವನ್ನೂ ತೀರಿಸಿದವಳು ಅವಳೇ. ಆದರೆ ತೀರ್ಪು ಅವಳದು, ಬಾಯಿ ಅಪ್ಪನದು. ಈಗ ತನ್ನ ಬಾಯಿಂದಲೇ ಹೇಳುವ ಅಧಿಕಾರ ಅವಳಿಗೆ ಬೇಕಿತ್ತು. ಸಂಜೆ ತಟ್ಟೆ ಬರುವುದಿತ್ತು.

ಬೆಳಗ್ಗೆ ಅಂಕಯ್ಯ ಹಾಲು ಹಾಕಲು ಬಂದಾಗ ಯಶೋಧರಾ ಕ್ಯಾನಿನ ಮೂತಿಯಿಂದ ತಲೆ ಎತ್ತದೆ ಕೇಳಿದಳು.

"ದೊಡ್ಡಪ್ಪ, ಸಂಜೆ ತಟ್ಟೆ ಬತ್ತದೆ. ನೀವು ಎಲೆ ಬುಡೋದು ನಂಗೆ ಗೊತ್ತು. ಬೇಜಾರಿಲ್ಲ. ಆದ್ರೂ ಕೇಳ್ದೆ ಇರಕ್ಕೆ ಮನಸು ತಡೀಲಿಲ್ಲ."

"ಆಗ್ಲಿ, ಎತ್ಕೊತೀನಿ ಕಣವ್ವ" ಎಂದ ಅಂಕಯ್ಯ.

ಸರದಿಯಲ್ಲಿ ಅವನ ಹಿಂದೆ ನಿಂತಿದ್ದ ನನ್ನ ಕೈಯಿಂದ ಕ್ಯಾನು ಜಾರಿತು. ಆ ಹಾಲು ಲಕ್ಷ್ಮಣತೀರ್ಥಕ್ಕೆ ಸೇರಿ ಹೊಳೆ ಕೆ.ಆರ್. ನಗರದವರೆಗೆ ಬೆಳ್ಳಗೆ ಹರಿಯಿತು. ಯಶೋಧರಾ ಹಾಲಿನ ಅಳತೆಯನ್ನೇ ಮರೆತಳು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಅಂಕಯ್ಯ. ತನ್ನ ಬಾಯಿಂದ ಬಂದ ಮಾತನ್ನು, ಪಕ್ಕದ ಮನೆಯ ಕರು ತನ್ನ ಕೊಟ್ಟಿಗೆಯಿಂದ ಹೊರಬಂದರೆ ನೋಡುವಂತೆ ನೋಡುತ್ತ ನಿಂತ.

"ನಿಜ್ವಾಗ್ಲೂ ದೊಡ್ಡಪ್ಪ?"

"ಊ ಕಣವ್ವ" ಎಂದ ಅಂಕಯ್ಯ, ಇನ್ನೂ ಆಶ್ಚರ್ಯದಲ್ಲೇ. "ಅಂಗೇ ಅನ್ನುಸ್ತಾ ಅದೆ."

ಮನೆಗೆ ಹೋಗುವ ದಾರಿಯಲ್ಲಿ ಅವನು ಖಾಲಿ ಕ್ಯಾನು ಆಡಿಸುತ್ತ ಒಂದೇ ವಿಷಯ ಯೋಚಿಸಿದ: ನಾನು ಯಾವಾಗ ಬದಲಾದೆ? ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗ್ಗೆ ಮೊಸರಾಗಿರುತ್ತದೆ. ಯಾವ ಗಳಿಗೆಯಲ್ಲಿ ಆಯಿತು ಎಂದು ಯಾವ ಹೆಂಗಸೂ ಹೇಳಲಾರಳು. ತನ್ನೊಳಗೆ ಹೆಪ್ಪು ಹಾಕಿದವರು ಯಾರು?

ಸ್ಕೂಟರು ಇರಬಹುದು. ಯಶೋಧರಾ ಸ್ಕೂಟರು ತಂದಾಗ "ಎಂಗಸು ಗಾಡಿ ಓಡ್ಸೋದು ನಮ್ಮಪ್ಪನ ಕಾಲ್ದಲ್ಲಿ ಇತ್ತಾ" ಎಂದು ಕಟ್ಟೆ ಕೂಡಿಸಿದ್ದವನು ಇವನೇ. ಮಾರನೆಯ ವರ್ಷ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಅಟ್ಟದಿಂದ ಬಿದ್ದು ಸೊಂಟ ಉಳುಕಿತು. ಅವತ್ತು ಊರಿನಲ್ಲಿ ಬೇರೆ ಗಾಡಿ ಇರಲಿಲ್ಲ. ಅದೇ ಸ್ಕೂಟರಿನ ಹಿಂದೆ ಕೂತು, ಯಾರಿಗೂ ಗುರುತು ಸಿಗಬಾರದೆಂದು ಮುಖಕ್ಕೆ ಟವಲು ಸುತ್ತಿಕೊಂಡು ಹುಣಸೂರಿನ ಆಸ್ಪತ್ರೆ ಸೇರಿದ. ಮುಖ ಮುಚ್ಚಿದ್ದರಿಂದ ದಾರಿಯುದ್ದಕ್ಕೂ ಜನ ಎದ್ದುನಿಂತು ನೋಡಿದರು. ಮೂರನೆಯ ಸಲ ಆಸ್ಪತ್ರೆಗೆ ಹೋಗುವಾಗ ಟವಲು ಸುತ್ತಿಕೊಳ್ಳುವುದು ಮರೆತೇಹೋಗಿತ್ತು.

ಅಥವಾ ಗುರುಪುರದ ಟಿಬೆಟಿಯನ್ ಕ್ಯಾಂಪಿನ ಅಜ್ಜಿಯ ಚಾ. ಪರಜಾತಿಯವರ ಮನೆಯಲ್ಲಿ ಏನನ್ನೂ ಮುಟ್ಟದವನು ಒಮ್ಮೆ ಮಳೆಗೆ ಸಿಕ್ಕಿ ಆ ಅಜ್ಜಿಯ ಜಗುಲಿ ಹತ್ತಿದ. ಉಪ್ಪು, ಬೆಣ್ಣೆ ಹಾಕಿದ ಚಾ ಕೊಟ್ಟಳು. "ಉಪ್ಪು ಹಾಕಿದ್ಮ್ಯಾಲೆ ಇದು ಚಾ ಎಂಗಾದಾತು? ಸಾರು. ಮಳೇಲಿ ಸಾರು ಯಾರ ಮನೇಲಾದ್ರೂ ಕುಡೀಬೋದು" ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಎರಡು ಬಟ್ಟಲು ಕುಡಿದ. ಆ ಮೇಲೆ ಕಾಲೋನಿಯ ಮಾಯಮ್ಮನ ಮನೆಯಲ್ಲಿ ನೀರು ಕುಡಿದಾಗ ಯಾವ ತೀರ್ಪೂ ಬೇಕಾಗಲಿಲ್ಲ; ಬಾಯಾರಿತ್ತು, ಕುಡಿದ, ಅಷ್ಟೆ. ಕಳೆದ ಎಲೆಕ್ಷನ್ನಿನಲ್ಲಂತೂ ಅವನ ಬೆರಳು ಅಪ್ಪನ ಗುರುತಿನ ಮುಂದೆ ಹೋಗಿ, ನಿಂತು, ತಾನಾಗಿಯೇ ಪಕ್ಕಕ್ಕೆ ಸರಿದಿತ್ತು. ಹೊರಗೆ ಬಂದು ಆ ಬೆರಳನ್ನೇ ಬಹಳ ಹೊತ್ತು ನೋಡಿದ್ದ. ಈ ಯಾವುದನ್ನೂ ಅವನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ; ನನಗೆ ಹೇಳಿದ್ದೂ ಬಹಳ ದಿನದ ಮೇಲೆ. ಇಷ್ಟು ವರ್ಷ "ಬ್ಯಾಡ" ಎಂದವನು ಏಕಾಏಕಿ "ಬೇಕು" ಎಂದರೆ ಜನ ನಗುವುದಿಲ್ಲವೆ?

ಜನ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮೊದಲು ಬಂದವನು ಹೋಟ್ಲು ಶಂಕರ್. ನನ್ನ ಹಿತ್ತಿಲಿಗೂ ಅಂಕಯ್ಯನ ಹಿತ್ತಿಲಿಗೂ ನಡುವೆ ಇರುವುದು ಒಂದು ಮೋಟುಗೋಡೆ. ನಾನು ಕೇಳಿಸಿಕೊಳ್ಳಬೇಕೆಂದು ನಿಂತವನಲ್ಲ, ಕಿವಿ ಅಲ್ಲಿಯೇ ಇತ್ತು. ಶಂಕರ್ ಎಂಥವನೆಂದರೆ ಹೋಟ್ಲಿನ ಗೋಡೆಯ ಮೇಲೆ ಕೆಂಪು ಪೇಂಟಿನಲ್ಲಿ "ಎಲ್ಲರೂ ಸಮಾನರು" ಎಂದು ಬರೆಸಿದ್ದ ಮುಂದುವರಿದ ಮನುಷ್ಯ.

"ಅಂಕಯ್ಯಣ್ಣ, ನೀನು ಎಲೆ ಎತ್ತೀಯಂತೆ? ಊರಲ್ಲೆಲ್ಲ ಗಾಳಿಸುದ್ದಿ."

"ಗಾಳಿಸುದ್ದಿ ಅಲ್ಲ ಕಣ್ಲಾ, ಎತ್ತುತೀನಿ. ನೀನೂ ಎತ್ತಲ್ವಾ?"

"ನಾನು ಎತ್ತಲೇಬೇಕಲ್ಲಣ್ಣ, ಗೋಡೆ ಮ್ಯಾಲೆ ಬರೆಸಿಬುಟ್ಟಿವ್ನಿ. ಅದಕ್ಕೇ ನೀನು ಎತ್ಬ್ಯಾಡ ಅಂತ ಕೇಳ್ಕಳಾಕೆ ಬಂದೆ."

ಅಂಕಯ್ಯ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದ. "ಇದೇನ್ಲಾ ಇದು? ನಿಂಗೆ ಬ್ಯಾಡ್ವಾ ಅಂಗಾರೆ?"

"ಬೇಕು ಅಂತ ಮಾತಾಡಾಕೆ ಬೇಕು. ಆಗಾಕೆ ಬ್ಯಾಡ. ನಾಳೆ ಕಟ್ಟೆ ಮ್ಯಾಲೆ ಎಂಗಸು ಕೂತ್ರೆ ನಾವು ಬೀಡಿ ಹಚ್ಚೋದೆಲ್ಲಿ? ಒಂದು ಕೆಟ್ಟ ಮಾತು ಬಾಯಿಗೆ ಬಂದ್ರೆ ನುಂಗ್ಕೊಂಡು ಸಾಯ್ಬೇಕಾ?" ಶಂಕರ್ ಹತ್ತಿರ ಬಂದ. "ನಾವೆಲ್ಲ ಮುಂದುವರ್ದಿದ್ದು ಯಾರ ಧೈರ್ಯದ ಮ್ಯಾಲಣ್ಣ? ನೀನು ಇಂದ್ಗಡೆ ಇದೀಯ ಅಂತ. ನೀನು ನಮ್ಮೂರ್ಗೆ ಬ್ರೇಕು ಕಣಣ್ಣ. ಬ್ರೇಕಿಲ್ಲ ಅಂದ್ರೆ ಗಾಡೀನ ಯಾವನು ಜೋರಾಗಿ ಓಡುಸ್ತಾನೆ?"

ಅಂಕಯ್ಯನಿಗೆ ಕೋಪ ಬರಬೇಕಿತ್ತು. ಬರಲಿಲ್ಲ; ಕುತೂಹಲ ಬಂತು. ಇಷ್ಟು ದಿನ ತಾನೊಬ್ಬನೇ ಹಳಬ, ಉಳಿದವರೆಲ್ಲ ಹೊಸಬರು ಎಂದುಕೊಂಡಿದ್ದ. ಗೋಡೆಯ ಪೇಂಟು ಕೆರೆದರೆ ಒಳಗೆ ಏನೇನಿದೆ?

ಶಂಕರನ ಬೆನ್ನು ಮರೆಯಾಗುತ್ತಲೇ ವೆಂಕಟೇಶ್ ಮೇಷ್ಟ್ರು ಬಂದರು. ರಿಟೈರಾದ ಮೇಲೂ ಪುಸ್ತಕದ ಭಾಷೆ ಬಿಡದವರು. ಊರಿನ ಅರ್ಧ ಜನಕ್ಕೆ ಸಮಾನತೆಯ ಪಾಠ ಮಾಡಿದವರು, ಉಳಿದರ್ಧ ಜನಕ್ಕೆ ಸಮಾನವಾಗಿ ಹೊಡೆದವರು.

"ಅಂಕಯ್ಯ, ತಾತ್ವಿಕವಾಗಿ ನಾನು ಸ್ತ್ರೀ ನಾಯಕತ್ವದ ಪರ. ಆದರೆ ಕಾಲ ಇನ್ನೂ ಪಕ್ವವಾಗಿಲ್ಲ."

"ಯಾವಾಗ ಪಕ್ವಾಯ್ತದೆ ಮೇಷ್ಟ್ರೇ?"

"ಅದನ್ನು ಕುರಿತು ಚಿಂತನೆ ನಡೆಯಬೇಕು. ಚಿಂತನೆಗೆ ಸಮಯ ಬೇಕು. ಸಮಯ ಒದಗಿಸುತ್ತಿದ್ದವನು ನೀನು."

"ಮೂವತ್ತು ವರ್ಸದಿಂದ ಒದಗಿಸ್ತಿವ್ನಿ. ಎಷ್ಟು ಚಿಂತನೆ ಆಯ್ತು?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಒರೆಸಿದ ಕನ್ನಡಕ ಹಾಕಿಕೊಂಡು, ಅದರೊಳಗಿಂದ ಅಂಕಯ್ಯನನ್ನು ನೋಡಿ, ತೆಗೆದು ಮತ್ತೆ ಒರೆಸಿಕೊಂಡರು. "ನೀನು ಹೀಗೆಲ್ಲ ಪ್ರಶ್ನೆ ಕೇಳುವವನಾಗಿರಲಿಲ್ಲ" ಎಂದು ನೊಂದುಕೊಂಡು ಹೋದರು.

ಮೂರನೆಯದು ಸುನಂದಮ್ಮ. ಮಹಿಳಾ ಸಂಘದ ಅಧ್ಯಕ್ಷೆ. ಅವಳ ಭಾಷಣ ಕೇಳಿದರೆ ಊರಿನ ಎಮ್ಮೆಗಳೂ ಹಗ್ಗ ಕಿತ್ತುಕೊಂಡು ಸ್ವತಂತ್ರವಾಗುತ್ತಿದ್ದವು. ಅವಳು ಬರಿಗೈಯಲ್ಲಿ ಬರಲಿಲ್ಲ, ಡಬ್ಬಿ ತುಂಬ ಕಜ್ಜಾಯ ತಂದಿದ್ದಳು. ಅಂಕಯ್ಯನಿಗೆ ಸಮಾಧಾನವಾಯಿತು. ಕೊನೆಗೆ ಒಬ್ಬಳಾದರೂ ಶಾಬಾಸ್ ಎನ್ನಲು ಬಂದಳಲ್ಲ!

"ಅಣ್ಣ, ಇದನ್ನ ತಿನ್ನಿ. ತಿಂದು, ಸಂಜೆ ಎಲೆ ಬುಟ್ಬುಡಿ."

ಅಂಕಯ್ಯ ಬಾಯಿಗಿಟ್ಟ ಕಜ್ಜಾಯ ಅಲ್ಲಿಯೇ ನಿಂತಿತು. "ನೀನೂನಾ ಸುನಂದವ್ವ?"

"ನಾನು ಎಣ್ಣಿನ ಪರಾನೇ ಕಣಣ್ಣ. ಆದ್ರೆ ಎಣ್ಣು ಅಂದ್ರೆ ಎಲ್ಲ ಎಣ್ಣಾ? ನಮ್ಮನೇಗೆ ಹೊಸಾ ಸೊಸೆ ಬಂದವ್ಳೆ, ವಾಣಿಶ್ರೀ. ಈಗ್ಲೇ ಮಾತಿಗೆ ಮಾತು. ಇವತ್ತು ಯಶೋಧರಾ ಕಟ್ಟೆ ಅತ್ತಿದ್ರೆ ನಾಳೆ ಇವ್ಳು ನನ್ನ ತಲೆ ಅತ್ತುತಾಳೆ. ನಮ್ಮೆಜಮಾನ್ರಿಗೆ ಎಲೆ ಬುಡಿ ಅನ್ನಾಕೆ ನಂಗೆ ಬಾಯಿಲ್ಲ, ನಾನು ಅಧ್ಯಕ್ಷೆ. ನಿಮ್ಗೇನು, ನೀವು ಮೊದ್ಲಿಂದ ಬುಡೋರು. ಇನ್ನೊಂದ್ಸಲ ಬುಟ್ರೆ ಕೈ ಸವೆದೋಯ್ತದಾ?"

ಇಲ್ಲಿಗೂ ಮುಗಿಯಲಿಲ್ಲ. ಮಧ್ಯಾಹ್ನ ಮುದ್ದೆಯ ಮುಂದೆ ಕೂತಾಗ ಹೆಂಡತಿ ಲಕ್ಷ್ಮಿದೇವಿ ಮೊದಲು ಅವನ ಹಣೆ ಮುಟ್ಟಿ ನೋಡಿದಳು. ಆಮೇಲೆ "ನಾಲಿಗೆ ಚಾಚಿ" ಎಂದಳು. ಜ್ವರವೂ ಇಲ್ಲ, ಪಿತ್ತವೂ ಇಲ್ಲ ಎಂದು ಖಾತ್ರಿಯಾದ ಮೇಲೆ ಬಸ್ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು.

"ಮದ್ವೆ ಆದಾಗಿಂದ ನಾನು ಕೇಳಿದ್ಕೆಲ್ಲ ಬ್ಯಾಡ. ತವರಿಗೋಗ್ತೀನಿ, ಬ್ಯಾಡ. ಒಲಿಗೆ ಮಿಸನ್ನು ತಕ್ಕೊಡಿ, ಬ್ಯಾಡ. ಯಶೋಧರಾ ಒಂದು ಮಾತು ಕೇಳಿದ್ಳು, ಆಗ್ಲಿ! ಆ ಆಗ್ಲೀನ ಎಲ್ಲಿ ಮಡಗಿದ್ರಿ ಇಷ್ಟು ದಿನ? ಅಟ್ಟದ ಮ್ಯಾಲಾ?"

"ನಂಗೂ ಅದೇ ಯೋಚ್ನೆ ಕಣೆ" ಎಂದ ಅಂಕಯ್ಯ ಪ್ರಾಮಾಣಿಕವಾಗಿ. "ಎಲ್ಲಿತ್ತು ಅಂತ."

ಲಕ್ಷ್ಮಿದೇವಿ ಸೌಟು ಎತ್ತಿಕೊಂಡು, ಕೇಳದಿದ್ದರೂ ಇನ್ನೊಂದಿಷ್ಟು ಸಾರು ಬಿಟ್ಟಳು. "ಎತ್ತೋದೇ ಆದ್ರೆ ಗಟ್ಟಿಯಾಗಿ ಎತ್ತಿ" ಎಂದಳು. "ಅರ್ಧ ದಾರೀಲಿ ಕೈ ಇಂದಕ್ಕೆ ತಕ್ಕೊಂಡ್ರೆ ಆ ಎಣ್ಣುಮಗೀನ ಮುಂದೆ ನಾನು ತಲೆ ಎತ್ತಕಾಗಲ್ಲ."

ಊರೆಲ್ಲ ಹೀಗೆ ಅವನ ಮನೆಗೆ ನಡೆದುಕೊಂಡಿತು. ನಾನು ಮಾತ್ರ ಹೋಗಲಿಲ್ಲ. ನಾನು ಯಾಕೆ ಹೋಗಲಿ? ಶಂಕರ್ ಮುಂದುವರಿದದ್ದು ಗೋಡೆಯಲ್ಲಿ, ಮೇಷ್ಟ್ರು ಪುಸ್ತಕದಲ್ಲಿ, ಸುನಂದಮ್ಮ ಮೈಕಿನಲ್ಲಿ. ನಾನು ಹುಟ್ಟುವಾಗಲೇ ಎಷ್ಟು ಮುಂದುವರಿದಿದ್ದೆನೆಂದರೆ ನನ್ನ ತಾಯಿ ನನ್ನನ್ನು ಹಿಡಿಯಲು ಪಿರಿಯಾಪಟ್ಟಣದವರೆಗೆ ಓಡಬೇಕಾಯಿತು. "ಯಶೋಧರಕ್ಕ ಯಜಮಾನಿ ಆಗ್ಲೇಬೇಕು" ಎಂದು ಒಂದು ವಾರದಿಂದ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನೇ.

ಸಂಜೆ ಹೊತ್ತು ಮುಳುಗುವ ಮೊದಲು ಕಟ್ಟೆ ತುಂಬಿತು. ಹೆಂಗಸರು ಎಂದಿನಂತೆ ಕೆಳಗೆ, ಪಂಪಿನ ಹತ್ತಿರ ನಿಂತರು. ಯಶೋಧರಾ ಡೈರಿಯಿಂದ ನೇರ ಬಂದಿದ್ದಳು. ಕೈಯಲ್ಲಿ ಖಾಲಿ ಕ್ಯಾನು. ಅಂಕಯ್ಯ ಒಗೆದ ಪಂಚೆ ಉಟ್ಟು ಬಂದು ನನ್ನ ಪಕ್ಕದಲ್ಲೇ ಕೂತ. ಮದುವೆ ಗಂಡಿನ ಹಾಗೆ ಬೆವರುತ್ತಿದ್ದ.

ಮೇಷ್ಟ್ರು ತಟ್ಟೆ ಹಿಡಿದು ಹೊರಟರು. ಟವಲಿನೊಳಗೆ ಕೈ ಹೋಯಿತು, ಮುಷ್ಟಿ ಬಂತು. ಕೈ ಹೋಯಿತು, ಮುಷ್ಟಿ ಬಂತು. ಇಡೀ ಊರು ಉಸಿರು ಬಿಗಿಹಿಡಿದಿದ್ದರಿಂದ ನಾಗರಹೊಳೆಯ ಕಾಡಿನಲ್ಲಿ ಗಾಳಿ ನಿಂತುಹೋಗಿ ಆನೆಗಳು ಕಿವಿ ಬೀಸಿಕೊಂಡವು. ತಟ್ಟೆ ಅಂಕಯ್ಯನ ಮುಂದೆ ಬಂತು. ಅವನು ಕಣ್ಣು ಮುಚ್ಚಿ ಕೈಯಿಟ್ಟ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಬೆರಳಿಗೆ ಎಲೆ ತಗುಲಿತು. ಎತ್ತಿದ. ನಾನು ನೋಡಿದೆ, ಮುಷ್ಟಿಯ ಸಂದಿಯಲ್ಲಿ ಹಸಿರು ಅಂಚು ಇಣುಕಿತ್ತು.

ಆಮೇಲೆ ಆದದ್ದಕ್ಕೆ ಅವನನ್ನು ದೂರಿ ಪ್ರಯೋಜನವಿಲ್ಲ. ಕೈಗೆ ಎಲೆ ಬಂದರೆ ಸುಣ್ಣ ಸವರುವುದು ಅವನಿಗೆ ಉಸಿರಾಡಿದಷ್ಟೇ ಸಹಜ. ಎಲ್ಲರ ಕಣ್ಣೂ ತಟ್ಟೆಯ ಹಿಂದೆ ಹೋಗಿದ್ದಾಗ, ಕಟ್ಟೆಯ ಬಿಗುವಿನಲ್ಲಿ ಏನು ಮಾಡುತ್ತಿದ್ದೇನೆಂಬ ಪರಿವೆಯಿಲ್ಲದೆ, ಅವನ ಎಡಗೈ ಸುಣ್ಣದ ಡಬ್ಬಿ ತೆಗೆಯಿತು, ಬಲಗೈ ಎಲೆ ಮಡಚಿತು, ಬಾಯಿ ತೆರೆಯಿತು, ಮುಚ್ಚಿತು. ಊರಿನ ಇತಿಹಾಸವನ್ನೇ ಬದಲಿಸಬೇಕಿದ್ದ ಎಲೆ ಅವನ ದವಡೆ ಸೇರಿತು.

ತಟ್ಟೆ ಸುತ್ತಿ ಬಂತು. ಮೇಷ್ಟ್ರು ಟವಲು ಎತ್ತಿದರು.

ನಡುವೆ ಒಂದು ಎಲೆ ಉಳಿದಿತ್ತು.

ಕಟ್ಟೆಯ ಮೇಲೆ ಒಂದು ದೊಡ್ಡ ನಿಟ್ಟುಸಿರು ಎದ್ದಿತು. ಎಷ್ಟು ದೊಡ್ಡದೆಂದರೆ ಅರಳಿಮರದ ಎಲೆಗಳೆಲ್ಲ ಒಂದು ಸಲ ಮಗುಚಿ ಬಿದ್ದವು. ಶಂಕರ್ ಎದೆ ಸವರಿಕೊಂಡು, ಮುಖಕ್ಕೆ ದುಃಖ ತಂದುಕೊಂಡ. "ಅಂಕಯ್ಯನ ಎಲೆ! ನಾವೆಲ್ಲ ಎಷ್ಟು ಆಸೆ ಇಟ್ಕೊಂಡಿದ್ದೋ. ಏನ್ಮಾಡಾದು, ಮುಂದಿನ ಯುಗಾದಿ!"

"ನಂದಲ್ಲ!" ಅಂಕಯ್ಯ ಎದ್ದೇನಿಂತ. "ಮಾರಮ್ಮನಾಣೆ ನಂದಲ್ಲ ಕಣ್ರೋ. ನಾನು ಎತ್ತಿವ್ನಿ. ಬುಟ್ಟೋನು ಬೇರೆ ಯಾವನೋ. ಎಲ್ರೂ ಮುಷ್ಟಿ ಬಿಚ್ಚಿ, ಗೊತ್ತಾಗ್ಲಿ!"

"ಮುಷ್ಟಿ ಬಿಚ್ಚುವ ಪದ್ಧತಿ ಇಲ್ಲ" ಎಂದರು ಮೇಷ್ಟ್ರು.

"ನಮ್ಮಪ್ಪನ ಕಾಲ್ದಲ್ಲಿ ಇರ್ಲಿಲ್ಲ, ಗೊತ್ತು! ಇವತ್ತು ಬಿಚ್ಚಿ!"

ಅಂಕಯ್ಯನ ಬಾಯಿಂದ ಇಂಥ ಮಾತು ಬಂದ ಮೇಲೆ ಯಾರಿಗೆ ಎದುರಾಡಲು ಬಾಯಿ ಬರುತ್ತದೆ? ಒಬ್ಬೊಬ್ಬರೇ ಮುಷ್ಟಿ ಬಿಚ್ಚಿದರು. ಶಂಕರನ ಕೈಯಲ್ಲಿ ಎಲೆ. ಸಾಗರನ ಕೈಯಲ್ಲಿ ಎಲೆ, ಬೆವರಿಗೆ ನೆಂದು ಹೋಗಿತ್ತು. ಸುನಂದಮ್ಮನ ಯಜಮಾನರ ಕೈಯಲ್ಲಿ ಎಲೆ. ಮೇಷ್ಟ್ರ ಜೇಬಿನಲ್ಲಿ ಎಲೆ. ನಾನೂ ತೋರಿಸಿದೆ. ಹೀಗೆ ಕಟ್ಟೆಯ ತುಂಬ ಹಸಿರೋ ಹಸಿರು. ಕೊನೆಗೆ ಎಲ್ಲರೂ ಅಂಕಯ್ಯನ ಕಡೆ ತಿರುಗಿದರು.

ಅವನು ಎರಡು ಕೈಯನ್ನೂ ತಿರುಗಾ ಮುರುಗಾ ಮಾಡಿ ನೋಡಿದ. ಒಂದರಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ಏನೂ ಇಲ್ಲ. ಆಗ ಅವನಿಗೆ ಬಾಯಲ್ಲಿ ಇರುವುದೇನೆಂದು ಹೊಳೆಯಿತು.

"ತಿಂದ್ಬುಟ್ಟೆ" ಎಂದ.

ಕಟ್ಟೆ ನಗುವಿನಿಂದ ನಡುಗಿತು.

"ನಿಜ ಕಣ್ರೋ! ನೋಡಿ" ಎಂದು ಬಾಯಿ ತೆರೆದು ತೋರಿಸಿದ. ಕೆಂಪಗಿತ್ತು.

"ನಿನ್ನ ಬಾಯಿ ಯಾವತ್ತಣ್ಣ ಬೆಳ್ಳಗಿತ್ತು?" ಎಂದ ಶಂಕರ್.

ಯಶೋಧರಾ ಕೆಳಗಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಅವಳು ನಗುತ್ತಿರಲಿಲ್ಲ. "ಬುಡಿ ದೊಡ್ಡಪ್ಪ. ಬೆಳಗ್ಗೆ ಆಗಲ್ಲ ಅಂದಿದ್ರೆ ನಂಗೇನೂ ಅನ್ನುಸ್ತಿರಲಿಲ್ಲ. ಆಗ್ಲಿ ಅಂದ್ರಲ್ಲ, ಇಡೀ ದಿನ ಕುಣ್ಕೊಂಡು ಹಾಲು ಅಳೆದೆ" ಎಂದು ಕ್ಯಾನು ಎತ್ತಿಕೊಂಡು ಹೋದಳು. ಅಂಕಯ್ಯ ಬಾಯಿ ತೆರೆದುಕೊಂಡೇ ನಿಂತಿದ್ದ. ಮುಚ್ಚಲು ಮರೆತಿದ್ದ.

ಮನೆಗೆ ಹೋಗುವ ದಾರಿಯಲ್ಲಿ ಅವನಿಗೆ ಇನ್ನೊಂದು ಶಿಕ್ಷೆ ಕಾದಿತ್ತು. ಶಂಕರ್ ಕತ್ತಲು ಕವಿದ ಮೂಲೆಯಲ್ಲಿ ನಿಂತು ಕೈ ಅದುಮಿ, "ಉಳಿಸ್ಬುಟ್ಟೆ ಕಣಣ್ಣ. ನಾಳೆ ಬಾ, ಇಡ್ಲಿ ನನ್ನ ಕಡೆಯಿಂದ" ಎಂದ. ಮೇಷ್ಟ್ರು, "ಮುಷ್ಟಿ ಬಿಚ್ಚಿ ಎಂದೆಯಲ್ಲ, ಆ ಅಭಿನಯ ಅಮೋಘ" ಎಂದು ಬೆನ್ನು ತಟ್ಟಿದರು. ಸುನಂದಮ್ಮನ ಕಜ್ಜಾಯದ ಎರಡನೆಯ ಡಬ್ಬಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಅಂಕಯ್ಯ ಎಲ್ಲರಿಗೂ "ನಂದಲ್ಲ, ನಾನು ಎತ್ತಿದ್ದೆ" ಎಂದು ಹೇಳಿದಷ್ಟೂ ಅವರು ಕಣ್ಣು ಮಿಟುಕಿಸಿದರು.

ಹಾಗಾದರೆ ಆ ಉಳಿದ ಎಲೆ ಯಾರದು? ನನ್ನಂಥ ಬುದ್ಧಿವಂತ ಇಡೀ ಜಿಲ್ಲೆಯಲ್ಲಿ ಇಲ್ಲವಾದ್ದರಿಂದ ನಾನೇ ತನಿಖೆಗೆ ಇಳಿದೆ. ಮಾರನೆಯ ಬೆಳಗ್ಗೆ ಗೋಡೆಯಾಚೆ ಲಕ್ಷ್ಮಿದೇವಿ ಪಾತ್ರೆ ಉಜ್ಜುತ್ತಿದ್ದಾಗ ನನ್ನ ತೀರ್ಮಾನ ತಿಳಿಸಿದೆ. "ಅಕ್ಕ, ಅದು ಯಾರದೂ ಅಲ್ಲ. ಎಣಿಸಿ ಮಡಗುವಾಗ ಎರಡು ಎಲೆ ಒಂದಕ್ಕೊಂದು ಅಂಟ್ಕೊಂಡಿದ್ದೋ. ಒಂದು ಜಾಸ್ತಿ ಬಂದ್ಬುಡ್ತು. ಅಣ್ಣನ ತಪ್ಪೇನಿಲ್ಲ."

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. "ತಟ್ಟೆಗೆ ಎಲೆ ಜೋಡ್ಸಿದೋಳು ನಾನು. ಎಂಗಸ್ರು ಕಟ್ಟೆ ಅತ್ತಂಗಿಲ್ಲ ನೋಡು, ಕೆಲ್ಸ ಮಾತ್ರ ನಮ್ದು. ಒಂದೊಂದೇ ಎಲೆ ಒರೆಸಿ, ತೊಟ್ಟು ಇರೋದನ್ನೇ ಆರಿಸಿ ಮಡಗಿದ್ದೆ. ನಿನ್ನೆ ಎಲ್ರೂ ಮುಷ್ಟಿ ಬಿಚ್ಚಿದಾಗ ಕೆಳಗಿಂದ ನೋಡ್ತಾ ಇದ್ದೆ. ಎಲ್ರದೂ ತೊಟ್ಟಿದ್ದ ಎಳೇ ಎಲೆ. ನೀನು ತೋರ್ಸಿದ್ದು ತೊಟ್ಟು ಚಿವುಟಿದ ಬಾಡೆಲೆ. ನಿನ್ನ ಎಲೆಯಡಿಕೆ ಚೀಲದ್ದು."

ನನ್ನ ಕೈ ತಾನಾಗಿಯೇ ಸೊಂಟದ ಚೀಲ ಮುಚ್ಚಿಕೊಂಡಿತು.

"ಯಾಕ್ಲಾ ಸಿದ್ದರಾಜು?" ಎಂದಳು ಅವಳು.

ಗೊತ್ತಿದ್ದರೆ ಹೇಳುತ್ತಿದ್ದೆ. ಕೈ ಟವಲಿನೊಳಗೆ ಹೋಯಿತು. ಎಲೆಯೂ ಸಿಕ್ಕಿತು, ತಣ್ಣಗಿತ್ತು. ಅಂಕಯ್ಯ ಎತ್ತಿದ್ದನ್ನು ನಾನು ಪಕ್ಕದಲ್ಲೇ ಕೂತು ಕಂಡಿದ್ದೆ. ನಾನೂ ಎತ್ತಿದರೆ ಇದು ಆಗಿಯೇ ಬಿಡುತ್ತದೆ ಎಂದು ಆ ಟವಲಿನ ಕತ್ತಲಲ್ಲಿ ಮೊದಲ ಸಲ ಹೊಳೆಯಿತು. ಬೆರಳು ಸಡಿಲವಾದವು. ಮುಷ್ಟಿ ಮಾತ್ರ ಗಟ್ಟಿಯಾಗಿ ಮುಚ್ಚಿಕೊಂಡು ಖಾಲಿ ಬಂತು.

"ಇವತ್ತು ಕಟ್ಟೆ ಮ್ಯಾಲೆ ಹೋಗಿ ಯೋಳ್ತೀಯಾ, ನಾನು ಯೋಳ್ಲಾ?"

ನಾನೇ ಹೋದೆ. ಜೀವಮಾನದಲ್ಲಿ ಮೊದಲ ಸಲ ಒಂದು ಸುಳ್ಳೂ ಬೆರೆಸದೆ, ಒಂದು ಅಕ್ಷರವೂ ಏರಿಸದೆ ಹೇಳಿದೆ: ಎಲೆ ಬಿಟ್ಟವನು ನಾನು, ತೋರಿಸಿದ್ದು ನನ್ನ ಚೀಲದ ಎಲೆ, ಅಂಕಯ್ಯಣ್ಣ ಎತ್ತಿ ತಿಂದದ್ದು ನಿಜ.

ಶಂಕರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಷ್ಟ್ರು ಕಣ್ಣೊರೆಸಿಕೊಂಡು, "ಮುದುಕನ ಮಾನ ಉಳಿಸಲು ಕಳಂಕವನ್ನು ತನ್ನ ತಲೆಗೆ ಹೊತ್ತುಕೊಂಡ! ಇವನ ಸುಳ್ಳುಗಳಲ್ಲೆಲ್ಲ ಇದು ಶ್ರೇಷ್ಠ" ಎಂದರು. ಬಾಡಿದ ಎಲೆ ತೆಗೆದು ತೋರಿಸಿದೆ. ಎಷ್ಟು ಚೆನ್ನಾಗಿ ತಯಾರಿ ಮಾಡಿಕೊಂಡು ಬಂದಿದ್ದಾನೆ ಎಂದರು. ಲಕ್ಷ್ಮಿದೇವಿ ಕೆಳಗಿನಿಂದ ಕೂಗಿ ಹೇಳಿದಳು. ಗಂಡನ ಪರ ಹೆಂಡತಿ ಮಾತಾಡದೆ ಇರುತ್ತಾಳೆಯೇ ಎಂದರು. ಯಶೋಧರಾ ಸ್ಕೂಟರು ನಿಲ್ಲಿಸಿ ನನ್ನನ್ನು ನೋಡಿದಳು. "ನಿಮ್ಮಂಥೋರು ಊರ್ಗೆ ಒಬ್ರಾದ್ರೂ ಇದೀರಲ್ಲ ಸಿದ್ದರಾಜಣ್ಣ" ಎಂದು ಕೈಮುಗಿದು, ಪಕ್ಕದಲ್ಲಿದ್ದ ಅಂಕಯ್ಯನ ಕಡೆ ತಿರುಗಿಯೂ ನೋಡದೆ ಹೊರಟುಹೋದಳು.

ಕಟ್ಟೆ ಖಾಲಿಯಾದ ಮೇಲೆ ಉಳಿದವರು ಅವನು ಮತ್ತು ನಾನು. ಹೊಡೆಯುತ್ತಾನೆ ಎಂದು ಸ್ವಲ್ಪ ದೂರ ಸರಿದು ಕೂತಿದ್ದೆ. ಅವನು ನನ್ನನ್ನು ಹೊಸ ತಳಿಯ ಕಾಯಿಯನ್ನು ನೋಡುವವನಂತೆ ತಲೆ ವಾರೆ ಮಾಡಿ ನೋಡುತ್ತಿದ್ದ.

"ನಿಜಾನೇನ್ಲಾ?"

"ನಿಜ ಕಣಣ್ಣ."

"ಎಲೆ ಕೈಗೆ ಸಿಕ್ಕಿತ್ತಾ?"

"ಸಿಕ್ಕಿತ್ತು. ಎತ್ತಕೆ ಆಗ್ಲಿಲ್ಲ. ಯಾಕೆ ಅಂತ ಗೊತ್ತಿಲ್ಲ."

ಅಂಕಯ್ಯ ತಲೆಯಾಡಿಸಿದ. ಅವನಿಗೆ ಗೊತ್ತಿತ್ತು ಎಂದು ಕಾಣುತ್ತದೆ. ಸೊಂಟದ ಚೀಲ ಬಿಚ್ಚಿ ಒಂದು ಎಲೆ ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ನನ್ನ ಕೈಗೆ ಕೊಟ್ಟ.

"ತಕ್ಕೊ, ಬೆರಳಿಗೆ ಅಭ್ಯಾಸ ಆಗ್ಲಿ. ಯುಗಾದಿಗಂಟ ಟೈಮದೆ."